ಚಾಲ್ತಿಯಲ್ಲಿರುವ ಡೇಟಾಬೇಸ್ ಕಡತವನ್ನು ಬದಲಿಸುವ ಬಗೆ

ಅಂತರ್ಜಾಲ ತಾಣದ ಪುಟವೊಂದನ್ನು ಬದಲಿಸುವುದು ಸುಲಭ. ತಿದ್ದಿದ ಪುಟವನ್ನು ಎಫ್‌ಟಿಪಿ ಮೂಲಕ ದೂರದ ಸರ್ವರಿಗೆ ಏರಿಸಿದರೆ ಹಳೆಯದರ ಸ್ಥಾನದಲ್ಲಿ ಹೊಸದು ನೆಲೆಗೊಳ್ಳುತ್ತದೆ. ಡೇಟಾಬೇಸ್ ಕಡತಕ್ಕೆ ಈ ಕ್ರಮ ಸಲ್ಲದು. ಪುಟವನ್ನು ಬರೆಯುವವರು ತಾಣ ನಡೆಸುವವರು ಮಾತ್ರ. ಡೇಟಾಬೇಸಿನಲ್ಲಿ ಗ್ರಾಹಕರ ಮಾಹಿತಿಯೂ ಕ್ಷಣಕ್ಷಣಕ್ಕೆ ಸೇರುತ್ತಿರುತ್ತದೆ.

ಪುಸ್ತಕ ಮಾರುವ ತಾಣವೊಂದನ್ನು ಊಹಿಸಿಕೊಳ್ಳಬಹುದು. ಬೆಲೆ ತಿದ್ದಲೆಂದು ಬೆಳಗ್ಗೆ 10 ಗಂಟೆಗೆ ಕಡತವನ್ನು ಕಚೇರಿಯ ಗಣಕಕ್ಕೆ ಇಳಿಸಿಕೊಂಡು 11ಕ್ಕೆ ಮರಳಿ ಏರಿಸಿದರೆ, ನಡುವೆ ಬಂದ ಬೇಡಿಕೆಗಳೆಲ್ಲ ಅಳಿಸಿಹೋಗುತ್ತವೆ. ಯಾವ ಎಚ್ಚರಿಕೆಯೂ ಕಾಣಿಸದು. ಹಣ ತೆತ್ತ ಗ್ರಾಹಕ ದೂರಿದಾಗಲೇ ನಷ್ಟ ತಿಳಿಯುವುದು.

ಎರಡನೆಯ ಅಪಾಯ ಕಡತವೇ ಕೆಡುವುದು. ಸಣ್ಣ ತಾಣಗಳಲ್ಲಿ ಹಿಂದೆ ಮೈಕ್ರೋಸಾಫ್ಟ್ ಆಕ್ಸೆಸ್ ಕಡತಗಳ ಬಳಕೆಯಿತ್ತು. ಆ ಕಡತ ತೆರೆದಿರುವಾಗ ಪಕ್ಕದಲ್ಲಿ ಬೀಗದ ಕಡತವೊಂದು ಹುಟ್ಟಿಕೊಳ್ಳುತ್ತದೆ. ಅದು ಇರುವಾಗ ಮೂಲ ಕಡತವನ್ನು ಮುಟ್ಟಬಾರದೆಂಬುದು ರೂಢಿ. ರಿಚರ್ಡ್ ಹಿಪ್ 2000ದಲ್ಲಿ ರೂಪಿಸಿದ ಎಸ್‌ಕ್ಯೂಲೈಟ್ ಕೂಡ ಇಡೀ ಡೇಟಾಬೇಸನ್ನು ಒಂದೇ ಕಡತದಲ್ಲಿ ಇಡುತ್ತದೆ. ಆದರೆ 2010ರಲ್ಲಿ ಅದಕ್ಕೆ ಸೇರಿದ 'ವಾಲ್' ಪದ್ಧತಿಯಲ್ಲಿ ಇತ್ತೀಚಿನ ಬದಲಾವಣೆಗಳು ಮೊದಲು ಪಕ್ಕದ ಇನ್ನೊಂದು ಕಡತಕ್ಕೆ ಹೋಗುತ್ತವೆ. ಮುಖ್ಯ ಕಡತವನ್ನಷ್ಟೇ ನಕಲಿಸಿದರೆ ಅವು ಕೈತಪ್ಪುತ್ತವೆ. ಹಳೆಯ ವಾಲ್ ಕಡತದ ಪಕ್ಕದಲ್ಲಿ ಹೊಸ ಮುಖ್ಯ ಕಡತವನ್ನಿಟ್ಟರೆ ಡೇಟಾಬೇಸ್ ಕೆಡಬಹುದು.

ಆದ್ದರಿಂದ ಕಳುಹಿಸಬೇಕಾದುದು ಕಡತವನ್ನಲ್ಲ, ತಿದ್ದುಪಡಿಯನ್ನು. ಬೆಲೆ ಬದಲಿಸುವ ಎಸ್‌ಕ್ಯೂಎಲ್ ಆದೇಶಗಳನ್ನು ಸರ್ವರಿನಲ್ಲಿಯೇ ಒಂದು ಟ್ರಾನ್ಸಾಕ್ಷನ್ ಆಗಿ ನಡೆಸಿದರೆ, ಎಲ್ಲವೂ ಜಾರಿಗೆ ಬರುತ್ತವೆ, ಇಲ್ಲವೇ ಯಾವುದೂ ಬರುವುದಿಲ್ಲ. ಆ ವೇಳೆಯಲ್ಲಿ ಬಂದ ಬೇಡಿಕೆಗಳಿಗೂ ಕುಂದಿಲ್ಲ. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್‌ಗಳಲ್ಲಿಯೂ ಇದೇ ದಾರಿ. ಅಲ್ಲಿ ಕಡತಗಳನ್ನು ನೇರವಾಗಿ ಮುಟ್ಟುವ ವಾಡಿಕೆಯೇ ಇಲ್ಲ.

ಇಡೀ ಕಡತವನ್ನೇ ಬದಲಿಸುವುದು ಅನಿವಾರ್ಯವಾದರೆ ಕ್ರಮ ಹೀಗಿದೆ. ಹೊಸ ಕಡತವನ್ನು ಬೇರೆ ಹೆಸರಿನಲ್ಲಿ ಏರಿಸಿ, ಪೂರ್ಣವಾಗಿ ತಲುಪಿತೇ ಎಂದು ನೋಡಬೇಕು. ತಾಣವನ್ನು ಕೆಲಕಾಲ ನಿಲ್ಲಿಸಿ, ಹಳೆಯ ಕಡತದಲ್ಲಿ ಈ ನಡುವೆ ಸೇರಿದ ದಾಖಲೆಗಳನ್ನು ಹೊಸದಕ್ಕೆ ಸೇರಿಸಬೇಕು. ಡೇಟಾಬೇಸಿನ ಸಂಪರ್ಕಗಳೆಲ್ಲ ಮುಚ್ಚಿದ ಬಳಿಕವೇ ಹೆಸರು ಬದಲಿಸಬೇಕು. ಹಳೆಯ ಕಡತವನ್ನು ಅಳಿಸದೆ ಬೇರೆಡೆ ಕಾದಿರಿಸಬೇಕು.

ಎಸ್‌ಕ್ಯೂಲೈಟ್ ಬಳಗವು 2024ರಲ್ಲಿ 'ಎಸ್‌ಕ್ಯೂಲೈಟ್3_ಆರ್‌ಸಿಂಕ್' ಹೆಸರಿನ ಸಾಧನವೊಂದನ್ನು ನೀಡಿತು. ಬಳಕೆಯಲ್ಲಿರುವ ಡೇಟಾಬೇಸಿನಿಂದಲೇ ಬದಲಾದ ಭಾಗಗಳನ್ನು ಮಾತ್ರ ಎಸ್‌ಎಸ್‌ಎಚ್ ಮೂಲಕ ಇನ್ನೊಂದು ಗಣಕಕ್ಕೆ ಅದು ಸಾಗಿಸುತ್ತದೆ. ಆದರೆ ಅದು ಎರಡು ಕಡತಗಳನ್ನು ಬೆಸೆಯುವುದಿಲ್ಲ. ಒಂದನ್ನು ಇನ್ನೊಂದರ ಪಡಿಯಚ್ಚಾಗಿಸುತ್ತದೆ. ಯಾವುದು ಮೂಲ, ಯಾವುದು ಪ್ರತಿ ಎಂಬುದನ್ನು ನಿರ್ಧರಿಸುವ ಹೊಣೆ ನಿರ್ವಾಹಕರದೇ. ಅದು ಅದಲುಬದಲಾದರೆ ಗ್ರಾಹಕರ ದಾಖಲೆಗಳ ಮೇಲೆ ಹಳೆಯ ಪ್ರತಿ ಬಂದು ಕೂರುತ್ತದೆ.