ನೀರಿಗಿಳಿಯುವ ಹಕ್ಕು

ಊರಿನ ಕೆರೆಯನ್ನು ಜನರಿಗೆ ತೆರೆಯುವುದೆಂದರೆ ಬೇಲಿ ಕಿತ್ತು, ಮೆಟ್ಟಿಲು ಕಟ್ಟಿ, ಮಂತ್ರಿಗಳ ಕೈಯಿಂದ ಟೇಪು ಕತ್ತರಿಸುವುದು ಎಂದು ನಾವು ತಿಳಿದುಕೊಂಡಿದ್ದೇವೆ. ಈಜುವವರಿಗೆ ಒಂದಿಷ್ಟು ಜಾಗ, ದೋಣಿ ವಿಹಾರ, ಮಕ್ಕಳಿಗೆ ಉಯ್ಯಾಲೆ, ಸಂಜೆಗೊಂದು ಸಂಗೀತ ಕಾರ್ಯಕ್ರಮ. ಇಷ್ಟಾದರೆ ಕೆರೆ ಸಾರ್ವಜನಿಕರದಾಯಿತು. ಆದರೆ ಈ 'ಸಾರ್ವಜನಿಕರು' ಎಂಬ ಪದದೊಳಗೆ ಯಾರೆಲ್ಲ ಸೇರುತ್ತಾರೆ, ಯಾರು ಹೊರಗುಳಿಯುತ್ತಾರೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಕಡಿಮೆ. ಕಳೆದ ನೂರು ವರ್ಷಗಳಲ್ಲಿ ಈ ಪ್ರಶ್ನೆಗಾಗಿ ನೀರಿನ ದಡದಲ್ಲಿ ರಕ್ತವೇ ಹರಿದಿದೆ.

ದಡದಲ್ಲೇ ಏಕೆ? ಬೀದಿಯಲ್ಲಿ ಒಬ್ಬರಿಂದೊಬ್ಬರು ನಾಲ್ಕು ಮಾರು ದೂರ ನಡೆಯಬಹುದು. ಅಂಗಡಿಯಲ್ಲಿ ಬೇರೆ ಲೋಟ ಇಡಬಹುದು. ನೀರಿನಲ್ಲಿ ಅದು ಸಾಧ್ಯವಿಲ್ಲ. ಒಬ್ಬನ ಮೈ ಮುಟ್ಟಿದ ನೀರು ಮರುಗಳಿಗೆಯಲ್ಲಿ ಇನ್ನೊಬ್ಬನ ಮೈ ಮುಟ್ಟುತ್ತದೆ. ಆದ್ದರಿಂದಲೇ ಬಣ್ಣ, ಜಾತಿ, ಕುಲಗಳ ಹೆಸರಿನಲ್ಲಿ ಮನುಷ್ಯರನ್ನು ವಿಂಗಡಿಸಿದ ಸಮಾಜಗಳು ಎಲ್ಲಕ್ಕಿಂತ ಹೆಚ್ಚು ಹೆದರಿದ್ದು ನೀರಿಗೆ. ಇದನ್ನು ಅರಿಯಲು ಬರ್ಲಿನ್, ಶಿಕಾಗೊ ಮತ್ತು ನಮ್ಮ ನೆರೆಯ ಮಹಾಡ್, ಈ ಮೂರು ಊರುಗಳ ನೀರಿನ ಕಥೆಯನ್ನು ನೋಡೋಣ.

ವಾನ್‌ಸೀ: ತೆರೆದ ಕೆರೆ, ಮುಚ್ಚಿದ ದಡ

ಬರ್ಲಿನ್ ನಗರದ ಪಶ್ಚಿಮದ ಅಂಚಿನಲ್ಲಿ ವಾನ್‌ಸೀ ಎಂಬ ದೊಡ್ಡ ಸರೋವರವಿದೆ. 20ನೆಯ ಶತಮಾನದ ಆರಂಭದಲ್ಲಿ ಬರ್ಲಿನ್ ಕಾರ್ಖಾನೆಗಳ ನಗರ. ಕೂಲಿಕಾರರು ಬೆಳಕು ಗಾಳಿಯಿಲ್ಲದ ಇಕ್ಕಟ್ಟಾದ ವಠಾರಗಳಲ್ಲಿ ವಾಸಿಸುತ್ತಿದ್ದರು. ಹೆಚ್ಚಿನ ಮನೆಗಳಲ್ಲಿ ಬಚ್ಚಲುಮನೆಯೇ ಇರಲಿಲ್ಲ. ಭಾನುವಾರ ರೈಲು ಹತ್ತಿ ಸರೋವರಕ್ಕೆ ಹೋದರೆ ಅಲ್ಲಿ ಬಯಲಿನಲ್ಲಿ ಸ್ನಾನ ಮಾಡುವುದು ನಿಷಿದ್ಧ. ಪೊಲೀಸರು ಹಿಡಿದು ದಂಡ ಹಾಕುತ್ತಿದ್ದರು. ಸುತ್ತಲೂ ಶ್ರೀಮಂತರ ಬಂಗಲೆಗಳು. ಆದರೂ ಜನ ನೀರಿಗಿಳಿಯುವುದನ್ನು ನಿಲ್ಲಿಸಲಿಲ್ಲ. ಕೊನೆಗೆ 1907ರ ಮೇ ತಿಂಗಳಲ್ಲಿ ಜಿಲ್ಲೆಯ ಅಧಿಕಾರಿ ಸುಮಾರು 200 ಮೀಟರ್ ದಡವನ್ನು ಸ್ನಾನಕ್ಕೆಂದು ಬಿಟ್ಟುಕೊಟ್ಟರು. ಜನರು ನಿಯಮ ಮುರಿದು ಮುರಿದು ನಿಯಮವನ್ನೇ ಬದಲಿಸಿದ್ದರು.

ಮೊದಲ ಮಹಾಯುದ್ಧದ ನಂತರ ನಗರಾಡಳಿತ ಇದನ್ನು ಇನ್ನಷ್ಟು ಬೆಳೆಸಿತು. ನಗರದ ಕಟ್ಟಡ ವಿಭಾಗದ ಮುಖ್ಯಸ್ಥ ಮಾರ್ಟಿನ್ ವಾಗ್ನರ್ ಮತ್ತು ವಾಸ್ತುಶಿಲ್ಪಿ ರಿಚರ್ಡ್ ಎರ್ಮಿಶ್ ಸೇರಿ 1929-30ರಲ್ಲಿ ಅಲ್ಲಿ ಉದ್ದನೆಯ ಇಟ್ಟಿಗೆಯ ಕಟ್ಟಡಗಳನ್ನು ಕಟ್ಟಿಸಿದರು. ಬಟ್ಟೆ ಬದಲಿಸಲು ಕೋಣೆ, ಮೈ ತೊಳೆಯಲು ಷವರ್, ತಿಂಡಿ ಅಂಗಡಿ, ಮೇಲೆ ಬಿಸಿಲು ಕಾಯಲು ತಾರಸಿ. ಬಡವನ ಬಿಡುವಿಗೂ ಗೌರವವಿರಬೇಕು ಎಂಬ ಆಲೋಚನೆ ಇಟ್ಟಿಗೆಯ ರೂಪ ತಾಳಿತ್ತು.

ಮೂರೇ ವರ್ಷಗಳಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಈ ಸ್ನಾನತಾಣದ ಮೇಲ್ವಿಚಾರಕರಾಗಿದ್ದ ಸೋಷಿಯಲ್ ಡೆಮಾಕ್ರಟ್ ಹರ್ಮನ್ ಕ್ಲಾಯುಸ್ 1933ರ ಮಾರ್ಚ್‌ನಲ್ಲಿ, ನಾಜಿಗಳು ತನ್ನನ್ನು ಹಿಡಿಯುವ ಮುನ್ನವೇ, ತಮ್ಮ ಜೀವ ತೆಗೆದುಕೊಂಡರು. ವಾಗ್ನರ್ ಹುದ್ದೆ ಕಳೆದುಕೊಂಡು 1935ರಲ್ಲಿ ಟರ್ಕಿಗೆ, ಅಲ್ಲಿಂದ ಅಮೆರಿಕಕ್ಕೆ ಹೋದರು. ದಡದಲ್ಲಿ ಯಹೂದಿಯರಿಗೆ ಪ್ರವೇಶವಿಲ್ಲ ಎಂಬ ಫಲಕ ಬಂತು. 1936ರ ಒಲಿಂಪಿಕ್ಸ್ ಹೊತ್ತಿಗೆ ಪರದೇಶದ ಅತಿಥಿಗಳ ಕಣ್ಣಿಗೆ ಬೀಳದಿರಲೆಂದು ಬರ್ಲಿನ್‌ನ ಇಂಥ ಫಲಕಗಳನ್ನು ಮರೆಮಾಡಲಾಯಿತು. 1938ರ ಡಿಸೆಂಬರ್‌ನಲ್ಲಿ ನಗರದ ಎಲ್ಲ ಸಾರ್ವಜನಿಕ ಸ್ನಾನಗೃಹ, ಸಿನಿಮಾ, ನಾಟಕಶಾಲೆಗಳಿಂದ ಯಹೂದಿಯರನ್ನು ಆದೇಶದ ಮೂಲಕವೇ ಹೊರಗಟ್ಟಲಾಯಿತು. 1942ರ ಜನವರಿ 20ರಂದು ಇದೇ ಸರೋವರದ ಆಚೆ ದಡದ ಒಂದು ಬಂಗಲೆಯಲ್ಲಿ ಹದಿನೈದು ಮಂದಿ ಅಧಿಕಾರಿಗಳು ಸಭೆ ಸೇರಿ ಯುರೋಪಿನ ಯಹೂದಿಯರ ಸಾಮೂಹಿಕ ಕೊಲೆಯ ಏರ್ಪಾಡನ್ನು ಚರ್ಚಿಸಿದರು. 'ಇವರೊಂದಿಗೆ ಒಂದೇ ನೀರಿನಲ್ಲಿ ಈಜಲಾರೆವು' ಎನ್ನುವುದಕ್ಕೂ 'ಇವರೊಂದಿಗೆ ಒಂದೇ ನೆಲದಲ್ಲಿ ಬದುಕಲಾರೆವು' ಎನ್ನುವುದಕ್ಕೂ ನಡುವೆ ಇದ್ದದ್ದು ಕೆಲವೇ ವರ್ಷಗಳ ಅಂತರ.

ಶಿಕಾಗೊ: ನೀರಿನ ಮೇಲಿನ ಕಾಣದ ಗೆರೆ

ಅಮೆರಿಕದ ಶಿಕಾಗೊ ನಗರ ಮಿಷಿಗನ್ ಸರೋವರದ ದಡದಲ್ಲಿದೆ. 1909ರಲ್ಲಿ ಡೇನಿಯಲ್ ಬರ್ನ್‌ಹ್ಯಾಮ್ ಮತ್ತು ಎಡ್ವರ್ಡ್ ಬೆನೆಟ್ ತಯಾರಿಸಿದ ಹೆಸರಾಂತ ನಗರ ಯೋಜನೆ, ಸರೋವರದ ದಂಡೆ ಹಕ್ಕಿನಿಂದಲೇ ಜನರಿಗೆ ಸೇರಿದ್ದು ಎಂದು ಸಾರಿತ್ತು. ದಡದಲ್ಲಿ ಬಣ್ಣದ ಆಧಾರದ ಮೇಲೆ ಭೇದ ಮಾಡುವ ಕಾನೂನು ಯಾವುದೂ ಇರಲಿಲ್ಲ. ಆದರೆ ಕಾನೂನಿನಲ್ಲಿ ಇಲ್ಲದ್ದು ರೂಢಿಯಲ್ಲಿತ್ತು. ಇಪ್ಪತ್ತೈದನೆಯ ಬೀದಿಯ ಆಸುಪಾಸಿನ ದಡ ಕಪ್ಪು ಜನರಿಗೆ, ಇಪ್ಪತ್ತೊಂಬತ್ತನೆಯ ಬೀದಿಯ ದಡ ಬಿಳಿಯರಿಗೆ. ಯಾರೂ ಬರೆಯದ ಆ ಗೆರೆ ನೀರಿನ ಮೇಲೂ ಚಾಚಿಕೊಂಡಿತ್ತು.

ಆ ವರ್ಷಗಳಲ್ಲಿ ದಕ್ಷಿಣದ ಹತ್ತಿ ಹೊಲಗಳನ್ನು ಬಿಟ್ಟು ಸಾವಿರಾರು ಕಪ್ಪು ಕುಟುಂಬಗಳು ಕಾರ್ಖಾನೆಯ ಕೆಲಸ ಹುಡುಕಿ ಶಿಕಾಗೊಗೆ ಬಂದವು. 1910ರಲ್ಲಿ ಸುಮಾರು 44 ಸಾವಿರವಿದ್ದ ಅವರ ಸಂಖ್ಯೆ 1920ರ ವೇಳೆಗೆ 1 ಲಕ್ಷ 9 ಸಾವಿರ ದಾಟಿತು. ಮನೆಗೆ, ಕೆಲಸಕ್ಕೆ ಪೈಪೋಟಿ ಹೆಚ್ಚಿತು, ಜೊತೆಗೆ ದ್ವೇಷವೂ.

1919ರ ಜುಲೈ 27, ಭಾನುವಾರ. ಸುಡುಬಿಸಿಲು. ಯುಜೀನ್ ವಿಲಿಯಮ್ಸ್ ಎಂಬ ಹದಿನೇಳರ ಕಪ್ಪು ಹುಡುಗ ಗೆಳೆಯರೊಂದಿಗೆ ಮರದ ತೆಪ್ಪವೊಂದನ್ನು ಹಿಡಿದು ನೀರಿನಲ್ಲಿ ಆಡುತ್ತಿದ್ದ. ತೆಪ್ಪ ತೇಲುತ್ತಾ ಗೆರೆ ದಾಟಿತು. ದಡದಿಂದ ಬಿಳಿಯನೊಬ್ಬ ಕಲ್ಲು ಬೀಸತೊಡಗಿದ. ಹುಡುಗ ಮುಳುಗಿ ಸತ್ತ. ಕಲ್ಲೆಸೆತಕ್ಕೆ ಹೆದರಿ ದಡಕ್ಕೆ ಬರಲಾಗದೆ ಮುಳುಗಿದನೆಂಬುದು ತನಿಖೆಯಲ್ಲಿ ಕಂಡುಬಂತು. ಕಲ್ಲೆಸೆದವನನ್ನು ಜನ ತೋರಿಸಿಕೊಟ್ಟರೂ ಅಲ್ಲಿದ್ದ ಪೊಲೀಸ್ ಪೇದೆ ಬಂಧಿಸಲು ಒಪ್ಪಲಿಲ್ಲ. ಬದಲಿಗೆ ಬಿಳಿಯನೊಬ್ಬನ ದೂರಿನ ಮೇಲೆ ಒಬ್ಬ ಕಪ್ಪು ವ್ಯಕ್ತಿಯನ್ನು ಬಂಧಿಸಿದ. ಕಿಡಿ ಹತ್ತಿಕೊಂಡದ್ದು ಅಲ್ಲಿಯೇ. ಒಂದು ವಾರ ನಡೆದ ಗಲಭೆಯಲ್ಲಿ 38 ಮಂದಿ ಸತ್ತರು. ಅವರಲ್ಲಿ 23 ಮಂದಿ ಕಪ್ಪು ಜನ, 15 ಮಂದಿ ಬಿಳಿಯರು. 537 ಮಂದಿ ಗಾಯಗೊಂಡರು. ಸುಮಾರು ಸಾವಿರ ಮಂದಿ ಸೂರು ಕಳೆದುಕೊಂಡರು, ಅವರಲ್ಲಿ ಹೆಚ್ಚಿನವರು ಕಪ್ಪು ಜನ. ಶಾಂತಿ ಕಾಯಲು ಸೈನಿಕ ಪಡೆಯೇ ಬರಬೇಕಾಯಿತು.

ಇಷ್ಟಾದ ಮೇಲೂ ಗೆರೆ ಅಳಿಸಿಹೋಗಲಿಲ್ಲ. 1960 ಮತ್ತು 61ರಲ್ಲಿ ಅದೇ ನಗರದ ರೇನ್‌ಬೋ ಬೀಚ್‌ನಲ್ಲಿ ಕಪ್ಪು ಮತ್ತು ಬಿಳಿಯ ಯುವಕ ಯುವತಿಯರು ಒಟ್ಟಾಗಿ ದಡಕ್ಕಿಳಿದು ಸತ್ಯಾಗ್ರಹ ಹೂಡಿದರು. ಆಗಲೂ ಅವರ ಮೇಲೆ ಕಲ್ಲು ಬಿದ್ದವು. ಹೀಗೆ ತಲೆಮಾರುಗಳ ಕಾಲ ನೀರಿನಿಂದ ದೂರವಿಟ್ಟದ್ದರ ಫಲ ಇನ್ನೂ ಮುಗಿದಿಲ್ಲ. ಈಜು ಬಾರದ ತಂದೆತಾಯಿ ಮಕ್ಕಳಿಗೆ ಈಜು ಕಲಿಸಲಾರರು. ಅಮೆರಿಕದ ಈಜುಕೊಳಗಳಲ್ಲಿ ಕಪ್ಪು ಮಕ್ಕಳು ಮುಳುಗಿ ಸಾಯುವ ಪ್ರಮಾಣ ಬಿಳಿಯ ಮಕ್ಕಳಿಗಿಂತ ಹಲವು ಪಟ್ಟು ಹೆಚ್ಚು ಎಂದು ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆಯ ಅಂಕಿಅಂಶಗಳೇ ಹೇಳುತ್ತವೆ.

ಮಹಾಡ್: ಕಾಗದದಲ್ಲಿ ತೆರೆದ ಕೆರೆ

ನಮ್ಮ ನೆಲದ ಕಥೆಯಲ್ಲಿ ಈಜು, ವಿಹಾರದ ಮಾತು ದೂರವೇ ಉಳಿಯಿತು. ಇಲ್ಲಿ ಪ್ರಶ್ನೆ ಇದ್ದದ್ದು ಒಂದು ಬೊಗಸೆ ನೀರಿನದು. 1923ರಲ್ಲಿ ಬಾಂಬೆ ವಿಧಾನ ಪರಿಷತ್ತು ಎಸ್. ಕೆ. ಬೋಲೆಯವರು ಮಂಡಿಸಿದ ನಿರ್ಣಯವೊಂದನ್ನು ಅಂಗೀಕರಿಸಿತು. ಸರ್ಕಾರದ ಹಣದಿಂದ ಕಟ್ಟಿದ, ನಿರ್ವಹಿಸುವ ಕೆರೆ, ಬಾವಿ, ಶಾಲೆಗಳನ್ನು ಅಸ್ಪೃಶ್ಯರೂ ಬಳಸಬಹುದು ಎಂಬುದು ಅದರ ತಿರುಳು. ಕೊಂಕಣ ಪ್ರದೇಶದ ಮಹಾಡ್ ಪುರಸಭೆ 1924ರಲ್ಲಿ ಇದನ್ನು ಒಪ್ಪಿ ಊರಿನ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆದಿದೆ ಎಂದು ಸಾರಿತು. ಮೂರು ವರ್ಷ ಕಳೆದರೂ ಒಬ್ಬ ದಲಿತನೂ ಆ ಮೆಟ್ಟಿಲಿಳಿಯುವ ಧೈರ್ಯ ಮಾಡಲಿಲ್ಲ. ನಿರ್ಣಯ ಪುಸ್ತಕದಲ್ಲಿತ್ತು, ಹೆದರಿಕೆ ಕೆರೆಯ ಏರಿಯ ಮೇಲಿತ್ತು.

1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಮೆರವಣಿಗೆಯಲ್ಲಿ ನಡೆದು ಬಂದು ಆ ಕೆರೆಯ ನೀರು ಕುಡಿದರು. ಅವರು ದೇವಸ್ಥಾನಕ್ಕೂ ನುಗ್ಗಲಿದ್ದಾರೆಂಬ ಗಾಳಿಸುದ್ದಿ ಹಬ್ಬಿ, ಮರಳಿ ಹೋಗುತ್ತಿದ್ದ ಜನರ ಮೇಲೆ ಹಲ್ಲೆ ನಡೆಯಿತು. ಬಳಿಕ 108 ಕೊಡ ಪಂಚಗವ್ಯದಿಂದ ಕೆರೆಯನ್ನು 'ಶುದ್ಧಿ' ಮಾಡಲಾಯಿತು. ಪುರಸಭೆ ತನ್ನ ನಿರ್ಣಯವನ್ನೇ ಹಿಂತೆಗೆದುಕೊಂಡಿತು. ಬಾಂಬೆ ಹೈಕೋರ್ಟ್ ದಲಿತರ ಪರವಾಗಿ ತೀರ್ಪು ನೀಡಿದ್ದು ಹತ್ತು ವರ್ಷಗಳ ನಂತರ, 1937ರಲ್ಲಿ.

ಈ ಕಥೆಯಲ್ಲಿ ಮುಸ್ಲಿಮರ ಪಾತ್ರವನ್ನು ನಾವು ಎರಡೂ ಕಣ್ಣು ತೆರೆದು ನೋಡಬೇಕು. ಹಲ್ಲೆಯ ದಿನ ಹಲವು ದಲಿತರು ಆಶ್ರಯ ಪಡೆದದ್ದು ಮಹಾಡ್‌ನ ಮುಸ್ಲಿಮರ ಮನೆಗಳಲ್ಲಿ. ಅದೇ ವರ್ಷದ ಡಿಸೆಂಬರ್‌ನಲ್ಲಿ ಮನುಸ್ಮೃತಿಯನ್ನು ಸುಟ್ಟ ಎರಡನೆಯ ಸಮಾವೇಶಕ್ಕೆ ಬೇರಾರೂ ಜಾಗ ಕೊಡದಿದ್ದಾಗ ಫತ್ತೇಖಾನ್ ಎಂಬವರು ತಮ್ಮ ಜಮೀನು ಬಿಟ್ಟುಕೊಟ್ಟರು. ಇದನ್ನು ಅಭಿಮಾನದಿಂದ ನೆನೆಯೋಣ. ಆದರೆ 1934ರಲ್ಲಿ ನಿಜಾಮರ ರಾಜ್ಯದ ದೌಲತಾಬಾದ್ ಕೋಟೆಯಲ್ಲಿ ನಡೆದದ್ದನ್ನೂ ಮರೆಯುವಂತಿಲ್ಲ. ಅಂಬೇಡ್ಕರ್ ಮತ್ತು ಅವರ ಸಂಗಡಿಗರು ದಾರಿಯ ಧೂಳನ್ನು ಕೋಟೆ ಬಾಗಿಲ ಬಳಿಯ ಕೊಳದಲ್ಲಿ ತೊಳೆದುಕೊಂಡರು. ಅದು ರಂಝಾನ್ ತಿಂಗಳು. ಬಿಳಿಗಡ್ಡದ ಮುಸ್ಲಿಂ ವೃದ್ಧರೊಬ್ಬರು, ಅಸ್ಪೃಶ್ಯರು ಕೊಳವನ್ನು ಮೈಲಿಗೆ ಮಾಡಿದರೆಂದು ಕೂಗುತ್ತಾ ಓಡಿಬಂದರು. ಗುಂಪು ಸೇರಿತು, ಬೈಗುಳ ಸುರಿಯಿತು. ನಿಮ್ಮ ಧರ್ಮ ಹೇಳಿಕೊಡುವುದು ಇದನ್ನೇ ಏನು, ಅಸ್ಪೃಶ್ಯನೊಬ್ಬ ಮುಸ್ಲಿಮನಾದರೆ ಆಗಲೂ ತಡೆಯುತ್ತೀರಾ ಎಂದು ಅಂಬೇಡ್ಕರ್ ಕೇಳಿದಾಗ ಯಾರ ಬಳಿಯೂ ಉತ್ತರವಿರಲಿಲ್ಲ. ಕೊನೆಗೆ, ಒಳಗೆ ಎಲ್ಲಿಯೂ ನೀರು ಮುಟ್ಟಬಾರದೆಂಬ ಷರತ್ತಿನ ಮೇಲೆ, ಶಸ್ತ್ರಧಾರಿ ಕಾವಲಿನೊಂದಿಗೆ ಅವರನ್ನು ಕೋಟೆಯೊಳಗೆ ಬಿಡಲಾಯಿತು. ಈ ಘಟನೆಯನ್ನು ಅವರು ತಮ್ಮ ನೆನಪುಗಳಲ್ಲಿ ಬರೆದಿಟ್ಟಿದ್ದಾರೆ.

ಅವರ ಪ್ರಶ್ನೆಗೆ ಉತ್ತರ ನಮ್ಮ ಪರಂಪರೆಯಲ್ಲಿ ಇರಲಿಲ್ಲವೆಂದಲ್ಲ. ಮದೀನಾದಲ್ಲಿ ರೂಮಾ ಎಂಬ ಬಾವಿಯ ನೀರನ್ನು ಅದರ ಒಡೆಯ ದುಡ್ಡಿಗೆ ಮಾರುತ್ತಿದ್ದ. ಪ್ರವಾದಿ(ಸ)ಯವರ ಕರೆಗೆ ಓಗೊಟ್ಟು ಹಝ್ರತ್ ಉಸ್ಮಾನ್(ರ) ಅದನ್ನು ಕೊಂಡು ವಕ್ಫ್ ಮಾಡಿದರು. ಕೊಂಡವರ ಕೊಡಕ್ಕೂ ಉಳಿದವರ ಕೊಡಕ್ಕೂ ಅಲ್ಲಿ ವ್ಯತ್ಯಾಸವಿರಲಿಲ್ಲ ಎಂಬುದೇ ಆ ವಕ್ಫ್‌ನ ಜೀವಾಳ. ನೀರು, ಹುಲ್ಲು, ಬೆಂಕಿ ಮೂರರಲ್ಲೂ ಜನರು ಪಾಲುದಾರರೆಂಬ ಹದೀಸನ್ನು ಬಲ್ಲವರ ನಡುವೆಯೇ ದೌಲತಾಬಾದ್ ನಡೆಯಿತು. ಜಾತಿಯ ವಿಷ ಎಷ್ಟು ಆಳಕ್ಕೆ ಇಳಿದಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಬೆಂಗಳೂರು: ಟಿಕೆಟ್ಟು ಮತ್ತು ನೊರೆ

ಇನ್ನು ನಮ್ಮ ರಾಜಧಾನಿಯ ಕೆರೆಗಳು. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಗಿದೆ. ಕರಗದ ಆಚರಣೆಗೆಂದು ಒಂದು ಪುಟ್ಟ ಕೊಳ ಮಾತ್ರ ಮೂಲೆಯಲ್ಲಿ ಉಳಿದಿದೆ. ಅಕ್ಕಿತಿಮ್ಮನಹಳ್ಳಿ ಕೆರೆಯ ಮೇಲೆ ಹಾಕಿ ಆಡುತ್ತಾರೆ. ಮನರಂಜನೆಗೆ ಕೆರೆಯನ್ನು ತೆರೆಯುವ ಬದಲು ಕೆರೆಯನ್ನೇ ಮುಚ್ಚಿ ಮನರಂಜನೆಗೆ ಜಾಗ ಮಾಡಿದ ಊರು ನಮ್ಮದು.

ಉಳಿದ ಕೆರೆಗಳ ಅಭಿವೃದ್ಧಿಗೆಂದು 2002ರಲ್ಲಿ ಪ್ರಾಧಿಕಾರವೊಂದು ಹುಟ್ಟಿತು. ಅದು ಹೆಬ್ಬಾಳ, ನಾಗವಾರ ಮೊದಲಾದ ಕೆರೆಗಳನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆಗೆ ಕೊಟ್ಟಿತು. ದೋಣಿ ವಿಹಾರ, ಹೋಟೆಲು, ಆಟದ ಯಂತ್ರಗಳ ಯೋಜನೆ ಬಂತು, ಜೊತೆಗೆ ಬೇಲಿ ಮತ್ತು ಟಿಕೆಟ್ಟೂ ಬಂತು. ಹುಲ್ಲು ಕೊಯ್ಯುವವರು, ದನ ಮೇಯಿಸುವವರು, ಮೀನುಗಾರರು, ಅಗಸರು ಈ 'ಸಾರ್ವಜನಿಕರ' ಪಟ್ಟಿಯಲ್ಲಿ ಇರಲಿಲ್ಲ. 2008ರಲ್ಲಿ ಪರಿಸರ ಸಂಘಟನೆಯೊಂದು ಹೈಕೋರ್ಟ್ ಮೆಟ್ಟಿಲೇರಿತು. ಕೆರೆಗಳು ಜನರ ಆಸ್ತಿ, ಅವನ್ನು ಕಾಯುವುದು ಸರ್ಕಾರದ ಹೊಣೆ ಎಂಬ ಮಾತಿಗೆ 2012ರಲ್ಲಿ ಬಲ ಸಿಕ್ಕಿತು. ಆದರೆ ಕಾಯಬೇಕಾದ ನೀರಿನ ಸ್ಥಿತಿ ಏನಾಗಿತ್ತು? ಚರಂಡಿ ನೀರು ತುಂಬಿಕೊಂಡ ಬೆಳ್ಳಂದೂರು ಕೆರೆ ರಸ್ತೆಗೆ ನೊರೆ ಉಗುಳಿತು; 2015, 2017 ಮತ್ತು 2018ರಲ್ಲಿ ಬೆಂಕಿಯನ್ನೂ ಕಾರಿತು. ಇಂಥ ನೀರಿಗೆ ಮಕ್ಕಳನ್ನು ಇಳಿಸುವವರು ಯಾರು?

ಹಾಳಾದ ನೀರು ಮರಳಿ ಬರುವುದಿಲ್ಲವೆಂದೇನೂ ಅಲ್ಲ. ಪ್ಯಾರಿಸ್‌ನ ಸೀನ್ ನದಿಯಲ್ಲಿ 1923ರಲ್ಲೇ ಈಜು ನಿಷೇಧವಾಗಿತ್ತು. ನೂರು ಕೋಟಿ ಯೂರೋಗೂ ಮಿಕ್ಕಿ ವೆಚ್ಚ ಮಾಡಿ ಚರಂಡಿ ವ್ಯವಸ್ಥೆಯನ್ನು ಸರಿಪಡಿಸಿ, 2025ರ ಜುಲೈನಲ್ಲಿ ಅದನ್ನು ಜನರಿಗೆ ತೆರೆಯಲಾಯಿತು. ಆದರೆ ಅದೇ ದೇಶದ ಹಲವು ಕಡಲೂರುಗಳು 2016ರಲ್ಲಿ, ಮೈ ಮುಚ್ಚುವ ಈಜುಡುಪು ತೊಟ್ಟ ಮುಸ್ಲಿಂ ಮಹಿಳೆಯರನ್ನು ದಡದಿಂದ ಹೊರಗಿಡಲು ಹೊರಟವು. ಅಲ್ಲಿನ ಉಚ್ಚ ಆಡಳಿತ ನ್ಯಾಯಾಲಯ ಆ ಆಗಸ್ಟ್‌ನಲ್ಲಿ ಅಂಥ ಒಂದು ಆದೇಶಕ್ಕೆ ತಡೆ ನೀಡಿತು. ನೀರನ್ನು ಶುದ್ಧಿ ಮಾಡಲು ಯಂತ್ರಗಳಿವೆ. ದಡವನ್ನು ಎಲ್ಲರದಾಗಿಸಲು ಬೇರೆಯೇ ಕೆಲಸ ಬೇಕು.

ನಾಳೆ ನಮ್ಮ ಊರಿನ ಕೆರೆಯೊಂದು ತಿಳಿಯಾಗಿ, ಈಜಲು ಬನ್ನಿ ಎಂದು ಕರೆದರೆ ನಾವು ಸಂತೋಷಪಡೋಣ. ಆದರೆ ಉದ್ಘಾಟನೆಯ ಫೋಟೊದಲ್ಲಿ ನೀರಿನ ಬಣ್ಣವನ್ನಷ್ಟೇ ನೋಡುವುದು ಬೇಡ. ಆ ಕೆರೆಯಂಚಿನಲ್ಲಿ ಬಟ್ಟೆ ಒಗೆಯುತ್ತಿದ್ದವರು ಎಲ್ಲಿಗೆ ಹೋದರು? ಪೌರಕಾರ್ಮಿಕರ ಮಕ್ಕಳು ನೀರಿನಲ್ಲಿದ್ದಾರೆಯೇ, ಅಥವಾ ಕಂಬಿಯ ಹೊರಗೆ ನಿಂತಿದ್ದಾರೆಯೇ? ತಮ್ಮಿಷ್ಟದ ಉಡುಪಿನಲ್ಲಿ ಹೆಣ್ಣುಮಕ್ಕಳು ಇಳಿಯಲು ಒಂದು ಸಮಯ, ಒಂದು ಜಾಗ ಇದೆಯೇ? ಈಜು ಬಾರದ ಮಗುವಿಗೆ ಹಣ ಕೇಳದೆ ಕಲಿಸುವವರು ಇದ್ದಾರೆಯೇ? ಇವಕ್ಕೆ ಉತ್ತರ ಸಿಗುವವರೆಗೆ ಆ ಕೆರೆಯೂ 1924ರ ಚವದಾರ್ ಕೆರೆಯಂತೆ ಕಾಗದದ ಮೇಲಷ್ಟೇ ತೆರೆದಿರುತ್ತದೆ.