ಮಗ್ಗದ ಮನೆಯ ನಡುಕ: ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದ ನೆಲೆಯಲ್ಲಿ ಕಂಪನ ಮತ್ತು ಅವಮಂದನ

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ವಿದ್ಯುತ್ ಮಗ್ಗವೂ ಸಂಸಾರವೂ ಎಷ್ಟೋ ಕಡೆ ಒಂದೇ ಸೂರಿನಡಿ ಇವೆ. ಒಳಗೆ ರೇಷ್ಮೆ ಅಥವಾ ಕೃತಕ ರೇಷ್ಮೆಯ ಸೀರೆ ಇಳಿಯುತ್ತಿರುವಾಗ ಅಡುಗೆಮನೆಯ ಗೂಡಿನಲ್ಲಿಟ್ಟ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ, ಚೊಂಬಿನ ನೀರಿನ ಮೇಲೆ ಸಣ್ಣ ಉಂಗುರಗಳು ಏಳುತ್ತವೆ. ಈ ನಡುಕಕ್ಕೆ ಒಂದೇ ಮೂಲವಿಲ್ಲ. ಅದನ್ನು ಮೂರಾಗಿ ಬಿಡಿಸಿಕೊಂಡರೆ ಮಾತ್ರ ಯಾವುದಕ್ಕೆ ಯಾವ ಮದ್ದು ಎಂಬುದು ತಿಳಿಯುತ್ತದೆ.

ನಿಮಿಷಕ್ಕೆ 120 ಪಿಕ್ಕು, ಅಂದರೆ 120 ಹೊಕ್ಕಿನ ಎಳೆ, ಹಾಕುವ ಮಗ್ಗವನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಹಣಿಗೆಯನ್ನು ಹೊತ್ತ ಸ್ಲೇ ಪ್ರತಿ ಪಿಕ್ಕಿಗೂ ಒಮ್ಮೆ ಹಿಂದೆ ಹೋಗಿ ಮುಂದೆ ಬಂದು ಹೊಕ್ಕಿನ ಎಳೆಯನ್ನು ಬಡಿಯುತ್ತದೆ. ಅಂದರೆ ಸೆಕೆಂಡಿಗೆ 2 ಬಾರಿ, 2 ಹರ್ಟ್ಜ್. ಲಾಳಿ ಒಮ್ಮೆ ಎಡದಿಂದ, ಮತ್ತೊಮ್ಮೆ ಬಲದಿಂದ ಹಾರುವುದರಿಂದ ಅದರ ಆವರ್ತನೆ ಪೂರ್ಣವಾಗಲು ಎರಡು ಪಿಕ್ಕು ಬೇಕು. ಅದು 1 ಹರ್ಟ್ಜ್. ಮಗ್ಗದ ಚೌಕಟ್ಟಿಗೆ ಕೂರಿಸಿದ ನಾಲ್ಕು ಧ್ರುವದ ಮೋಟಾರು ನಿಮಿಷಕ್ಕೆ ಸುಮಾರು 1440 ಸುತ್ತು ತಿರುಗುತ್ತದೆ. ಅದರ ಪುಲ್ಲಿ ಒಂದಿಷ್ಟು ಓಲಿದರೂ 24 ಹರ್ಟ್ಜ್ ಕಂಪನ ಹೊರಡುತ್ತದೆ. ಸ್ಲೇಯ ಚಲನೆ ಶುದ್ಧ ತೂಗುಯ್ಯಾಲೆಯಂಥದ್ದೂ ಅಲ್ಲ. ಲಾಳಿ ದಾಟಲು ಹೊತ್ತು ಸಿಗಲೆಂದು ಅದು ಹಿಂಬದಿಯಲ್ಲಿ ಹೆಚ್ಚು ಹೊತ್ತು ನಿಲ್ಲುವಂತೆ ಕ್ರ್ಯಾಂಕಿನ ತೋಳನ್ನು ಗಿಡ್ಡ ಮಾಡಿರುತ್ತಾರೆ. ಈ ಗಿಡ್ಡತನದಿಂದ 2 ಹರ್ಟ್ಜ್ ಜೊತೆಗೆ 4 ಹರ್ಟ್ಜ್ ಬಲವೂ ಸೇರುತ್ತದೆ. ಹಣಿಗೆ ಬಟ್ಟೆಯ ಅಂಚಿಗೆ ಕೊಡುವ ಗುದ್ದಿನಿಂದ 6, 8 ಹರ್ಟ್ಜ್ ಹೀಗೆ ಮೇಲಿನ ಗುಣಕ ಆವೃತ್ತಿಗಳೂ ಹುಟ್ಟುತ್ತವೆ.

ಯಾವ ವಸ್ತುವಾದರೂ ಕಂಪಿಸಬೇಕಾದರೆ ಎರಡು ಗುಣಗಳಿರಬೇಕು: ಚಲನೆಯನ್ನು ಮುಂದುವರಿಸುವ ದ್ರವ್ಯರಾಶಿ, ಮತ್ತೆ ನೆಲೆಗೆ ಎಳೆದು ತರುವ ಸ್ಥಿತಿಸ್ಥಾಪಕ ಬಿಗುವು. ಬಿಗುವನ್ನು ದ್ರವ್ಯರಾಶಿಯಿಂದ ಭಾಗಿಸಿ ವರ್ಗಮೂಲ ತೆಗೆದರೆ ಆ ವಸ್ತುವಿನ ಸಹಜ ಆವೃತ್ತಿಯ ಅಳತೆ ಸಿಗುತ್ತದೆ. ಒಮ್ಮೆ ತಟ್ಟಿ ಬಿಟ್ಟರೆ ಅದು ತನ್ನಷ್ಟಕ್ಕೆ ಆಡುವುದು ಆ ಆವೃತ್ತಿಯಲ್ಲೇ. ತೂಕವನ್ನು ಎಲ್ಲಿ ಇಡುತ್ತೇವೆ ಎಂಬುದೂ ಮುಖ್ಯ. ಮೃದಂಗದ ಚರ್ಮದ ನಡುವೆ ಹಚ್ಚುವ ಕರಣೆ ತನ್ನ ತೂಕದಿಂದಲೇ ಮೇಲಿನ ಸ್ವರಗಳನ್ನು ಸುಸಂಗತಗೊಳಿಸುತ್ತದೆ ಎಂಬುದನ್ನು ಸಿ.ವಿ. ರಾಮನ್ ಅಧ್ಯಯನ ಮಾಡಿದ್ದು ಇದೇ ನೆಲೆಯಲ್ಲಿ. ಯಂತ್ರದ ಅಡಿಗಟ್ಟಿನ ವಿಷಯದಲ್ಲಿ ಲೆಕ್ಕ ಇನ್ನೂ ಸುಲಭ. ಯಂತ್ರದ ಭಾರಕ್ಕೆ ಅಡಿಯ ಪ್ಯಾಡು ಎಷ್ಟು ಮಿಲಿಮೀಟರ್ ಕುಸಿಯುತ್ತದೆ ಎಂದು ಅಳೆದು, ಅದರ ವರ್ಗಮೂಲದಿಂದ 15.8ನ್ನು ಭಾಗಿಸಿದರೆ ಸಹಜ ಆವೃತ್ತಿ ಹರ್ಟ್ಜ್‌ನಲ್ಲಿ ಸಿಗುತ್ತದೆ. 1 ಮಿ.ಮೀ. ಕುಸಿದರೆ 15.8, 4 ಮಿ.ಮೀ. ಕುಸಿದರೆ 7.9. ಒಂದು ಸ್ಕೇಲು ಸಾಕು. ರಬ್ಬರು ಮಾತ್ರ ನಿಂತ ಭಾರಕ್ಕಿಂತ ಅದುರುವ ಭಾರಕ್ಕೆ ಹೆಚ್ಚು ಬಿಗಿಯಾಗಿ ವರ್ತಿಸುವುದರಿಂದ ನಿಜವಾದ ಆವೃತ್ತಿ ಲೆಕ್ಕಕ್ಕಿಂತ ಸ್ವಲ್ಪ ಮೇಲಿರುತ್ತದೆ.

ತಟ್ಟಿ ಬಿಟ್ಟ ವಸ್ತು ಹೊತ್ತು ಕಳೆದಂತೆ ಸುಮ್ಮನಾಗುತ್ತದೆ. ಕಂಪನದ ಶಕ್ತಿಯನ್ನು ಹೀಗೆ ಶಾಖವಾಗಿ ಕಳೆಯುವ ಕ್ರಿಯೆಯೇ ಅವಮಂದನ. ಎಣ್ಣೆಯಂಥ ದ್ರವದ ತಡೆ ವೇಗಕ್ಕೆ ತಕ್ಕಂತೆ ಏರುತ್ತದೆ. ಬಸ್ಸಿನ ಷಾಕ್ ಅಬ್ಸಾರ್ಬರಿನಲ್ಲಿ ಇರುವುದು ಅದೇ. ಅಲ್ಲಿ ಪ್ರತಿ ಸುತ್ತಿಗೂ ಪಾರ, ಅಂದರೆ ನೆಲೆಯಿಂದ ಸರಿಯುವ ಅತಿ ಹೆಚ್ಚಿನ ದೂರ, ಒಂದೇ ಪ್ರಮಾಣದಲ್ಲಿ ಇಳಿಯುತ್ತದೆ. ಒಣ ಮೇಲ್ಮೈಗಳ ಘರ್ಷಣೆ ಹಾಗಲ್ಲ, ಪ್ರತಿ ಸುತ್ತಿಗೂ ಒಂದೇ ಅಳತೆಯಷ್ಟು ಕಳೆಯುತ್ತದೆ. ಮೂರನೆಯದು ವಸ್ತುವಿನ ಒಡಲೊಳಗಿನ ಘರ್ಷಣೆ. ರಬ್ಬರಿನಲ್ಲಿ ಹೆಚ್ಚು, ಉಕ್ಕಿನಲ್ಲಿ ತೀರಾ ಕಡಿಮೆ. ಮಗ್ಗದಲ್ಲಿ ಅವಮಂದನದ ಕೆಲಸ ಕಣ್ಣೆದುರೇ ನಡೆಯುತ್ತದೆ. 400 ಗ್ರಾಂ ತೂಕದ ಲಾಳಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬಂದರೆ ಅದರಲ್ಲಿರುವ ಶಕ್ತಿ 20 ಜೂಲ್. ಪೆಟ್ಟಿಗೆಯ ಪಕ್ಕದ ಒತ್ತುಪಟ್ಟಿಯೂ ಚರ್ಮದ ಬಫರೂ ಅದನ್ನು ನುಂಗಿಕೊಳ್ಳದಿದ್ದರೆ ಲಾಳಿ ಪುಟಿದು ಹಿಂದಕ್ಕೆ ಬರುತ್ತದೆ, ಮುಂದಿನ ಪಿಕ್ಕು ಕೆಡುತ್ತದೆ. ಸೆಕೆಂಡಿಗೆ ಎರಡು ಸಲ ನಡೆಯುವ ಈ ಕೆಲಸದಲ್ಲಿ 40 ವ್ಯಾಟ್, ಅಂದರೆ ಅರ್ಧ ಅಶ್ವಶಕ್ತಿಯ ಮೋಟಾರಿನ ಹತ್ತರಲ್ಲೊಂದು ಪಾಲು, ಶಾಖವಾಗಿ ಹೋಗುತ್ತದೆ. ಬಫರಿನ ಚರ್ಮ ಸವೆಯುವುದರಲ್ಲಿ ಆಶ್ಚರ್ಯವಿಲ್ಲ.

ಅವಮಂದನವನ್ನು ಅಳೆಯುವುದು ಅನುಪಾತದಲ್ಲಿ. ನೆಲೆಯಿಂದ ಸರಿಸಿ ಬಿಟ್ಟ ವಸ್ತು ಒಂದು ಸಲವೂ ತೂಗಾಡದೆ ಆದಷ್ಟು ಬೇಗ ನೆಲೆಗೆ ಮರಳುವ ಸ್ಥಿತಿ ನಿರ್ಣಾಯಕ ಅವಮಂದನ. ಅದರ ನೂರಕ್ಕೆ ಎಷ್ಟು ಪಾಲು ಇದೆ ಎಂಬುದೇ ಅವಮಂದನ ಅನುಪಾತ. ಅದು ಶೇ. 5 ಇದ್ದರೆ ಐದು ಸುತ್ತು ಮುಗಿಯುವಷ್ಟರಲ್ಲಿ ಪಾರ ಸುಮಾರು ಐದನೇ ಒಂದಕ್ಕೆ ಇಳಿಯುತ್ತದೆ. ಭೂಕಂಪದ ಲೆಕ್ಕಾಚಾರದಲ್ಲಿ ಕಾಂಕ್ರೀಟ್ ಕಟ್ಟಡಕ್ಕೆ ಹಿಡಿಯುವುದೂ ಶೇ. 5ನ್ನೇ, ಆದರೆ ಮಗ್ಗದ ಸಣ್ಣ ನಡುಕಕ್ಕೆ ಕಟ್ಟಡ ಅಷ್ಟು ಅವಮಂದನವನ್ನು ತೋರುವುದಿಲ್ಲ, ಶೇ. 2 ಎಂದುಕೊಳ್ಳುವುದು ಕ್ಷೇಮ. ವೇಗಕ್ಕೆ ತಕ್ಕ ತಡೆಯೆಂಬ ಸರಳ ಕಲ್ಪನೆಯನ್ನು ಗಣಿತದಲ್ಲಿ ಒಗ್ಗಿಸಿದವರಲ್ಲಿ ಲಾರ್ಡ್ ರೇಲೀ ಪ್ರಮುಖರು. ಅವರ ಧ್ವನಿಸಿದ್ಧಾಂತದ ಗ್ರಂಥದ ಮೊದಲ ಸಂಪುಟ ಹೊರಬಂದದ್ದು 1877ರಲ್ಲಿ. ಇಂದಿಗೂ ಎಂಜಿನಿಯರುಗಳು ಆ ಕಲ್ಪನೆಯನ್ನು ಬಿಟ್ಟಿಲ್ಲ. ನಿಜಕ್ಕೆ ಹತ್ತಿರ ಎಂಬುದಕ್ಕಿಂತ ಲೆಕ್ಕಕ್ಕೆ ಹಗುರ ಎಂಬುದೇ ಅದಕ್ಕೆ ಕಾರಣ.

ಹೊರಗಿನಿಂದ ಬಲ ಬೀಳುತ್ತಲೇ ಇದ್ದಾಗ ವಸ್ತು ತನ್ನ ಸಹಜ ಆವೃತ್ತಿಯನ್ನು ಬಿಟ್ಟು ಬಲದ ಆವೃತ್ತಿಗೆ ಕುಣಿಯುತ್ತದೆ. ಎರಡೂ ಒಂದಾದಾಗ ಅನುರಣನ. ಶೇ. 2 ಅವಮಂದನವಿರುವಲ್ಲಿ ಅನುರಣನದ ಪಾರ, ಅಷ್ಟೇ ಬಲ ನಿಧಾನವಾಗಿ ಒತ್ತಿದರೆ ಆಗುವ ಸರಿತದ 25 ಪಟ್ಟು. ನೆಲಮಹಡಿಯ ಮಗ್ಗಕ್ಕೆ ಈ ಭಯ ಕಡಿಮೆ; ಭೂಮಿ ಶಕ್ತಿಯನ್ನು ಅಲೆಗಳಾಗಿ ಹೊತ್ತೊಯ್ಯುತ್ತದೆ. ಹೊತ್ತೊಯ್ದದ್ದು ಪಕ್ಕದ ಮನೆಯ ಪಾಯಕ್ಕೆ ಎಂಬುದು ಬೇರೆ ಮಾತು. ಮಗ್ಗ ಮಹಡಿಗೆ ಏರಿದಾಗ ಪರಿಸ್ಥಿತಿ ಬದಲಾಗುತ್ತದೆ. ಮಹಡಿಯ ಕಾಂಕ್ರೀಟ್ ಮೋಲ್ಡಿನ ಸಹಜ ಆವೃತ್ತಿ 8 ಹರ್ಟ್ಜ್ ಇದೆ ಎನ್ನೋಣ. ನಿಮಿಷಕ್ಕೆ 160 ಪಿಕ್ಕಿನಲ್ಲಿ ಸ್ಲೇಯ ಮೂರನೆಯ ಗುಣಕ ಸರಿಯಾಗಿ 8 ಹರ್ಟ್ಜ್‌ಗೆ ಬಂದು ಕೂರುತ್ತದೆ. ಪುಲ್ಲಿ ಬದಲಿಸಿ 145ಕ್ಕೆ ಇಳಿಸಿದರೆ 25 ಪಟ್ಟಿನ ವರ್ಧನೆ ಐದೂವರೆ ಪಟ್ಟಿಗೆ ಇಳಿಯುತ್ತದೆ. ಕೂಲಿ ಬೀಳುವುದು ನೇಯ್ದ ಸೀರೆಗಾದ್ದರಿಂದ ವೇಗ ಇಳಿಸಲು ಯಾರಿಗೂ ಮನಸ್ಸಿರುವುದಿಲ್ಲ. ಆದರೂ ಏರಿಸುವ ಮುನ್ನ ಒಂದು ಲೆಕ್ಕ ನೋಡಬೇಕು: ಸ್ಲೇಯ ಜಡತ್ವದ ಬಲ ವೇಗದ ವರ್ಗದಂತೆ ಏರುತ್ತದೆ. 120ರಿಂದ 150 ಪಿಕ್ಕಿಗೆ ಹೋದರೆ ವೇಗ ಕಾಲುಭಾಗ ಹೆಚ್ಚಿತು, ಬಲ ಒಂದೂವರೆ ಪಟ್ಟು ದಾಟಿತು.

ರಬ್ಬರ್ ಪ್ಯಾಡಿನ ವಿಷಯದಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ಪ್ಯಾಡು ಕಂಪನವನ್ನು ನೆಲಕ್ಕೆ ದಾಟದಂತೆ ತಡೆಯಬೇಕಾದರೆ ಬಲದ ಆವೃತ್ತಿ ಪ್ಯಾಡಿನ ಮೇಲಿನ ಯಂತ್ರದ ಸಹಜ ಆವೃತ್ತಿಗಿಂತ 1.41 ಪಟ್ಟಿಗೂ ಮೇಲಿರಬೇಕು. 4 ಮಿ.ಮೀ. ಕುಸಿಯುವ ಪ್ಯಾಡಿನಲ್ಲಿ ಮೋಟಾರಿನ 24 ಹರ್ಟ್ಜ್ ಮೂರು ಪಟ್ಟು ಮೇಲಿದೆ. ನೆಲಕ್ಕೆ ದಾಟುವ ಬಲ ಶೇ. 13ಕ್ಕೆ ಇಳಿಯುತ್ತದೆ. ಅದೇ ಪ್ಯಾಡು ಸ್ಲೇಯ 2 ಹರ್ಟ್ಜ್ ಬಲವನ್ನು ತಡೆಯುವುದಿರಲಿ, ಶೇ. 7ರಷ್ಟು ಹೆಚ್ಚಿಸಿ ದಾಟಿಸುತ್ತದೆ. ಅದನ್ನು ತಡೆಯಲು 125 ಮಿ.ಮೀ.ಗೂ ಹೆಚ್ಚು ಕುಸಿಯುವ ಆಧಾರ ಬೇಕು. ಅದರ ಮೇಲೆ ನಿಂತ ಮಗ್ಗ ನೇಯುವುದಿಲ್ಲ, ತೊಟ್ಟಿಲಿನಂತೆ ತೂಗುತ್ತದೆ. ಇನ್ನು ತೆಳುವಾದ ಗಟ್ಟಿ ಷೀಟು ಹಾಕಿ 0.3 ಮಿ.ಮೀ. ಮಾತ್ರ ಕುಸಿದರೆ ಸಹಜ ಆವೃತ್ತಿ 29 ಹರ್ಟ್ಜ್ ಆಸುಪಾಸಿಗೆ ಬಂದು, ಮೋಟಾರಿನ ನಡುಕ ಮೂರು ಪಟ್ಟಾಗುತ್ತದೆ. ಪ್ಯಾಡು ಹಾಕಿದ ಮೇಲೆ ಮನೆ ಹೆಚ್ಚು ಅದುರುತ್ತಿದೆ ಎಂದು ಯಾರಾದರೂ ಹೇಳಿದರೆ ನಂಬಬೇಕು. ರಬ್ಬರು ಅದುಮಿದಾಗ ಪಕ್ಕಕ್ಕೆ ಉಬ್ಬಲು ಜಾಗವಿರಬೇಕು. ಅಗಲವಾದ ಒಂದೇ ಷೀಟಿಗಿಂತ, ನಡುವೆ ಜಾಗ ಬಿಟ್ಟು ಕಾಲುಗಳಡಿ ಇಟ್ಟ ದಪ್ಪ ತುಂಡುಗಳು ಮೇಲೆನ್ನುವುದು ಇದಕ್ಕಾಗಿ. ನಿಧಾನದ ಓಲಾಟಕ್ಕೆ ಮದ್ದು ಬೇರೆ: ಕಾಲುಗಳನ್ನು ಭಾರದ ಕಾಂಕ್ರೀಟ್ ದಿಮ್ಮಿಗೆ ಬಿಗಿಯುವುದು, ಸ್ಲೇ ಹೊಡೆಯುವ ದಿಕ್ಕು ಮನೆಯ ಉದ್ದಗೋಡೆಗೆ ಸಮಾನಾಂತರವಾಗಿ ಬರುವಂತೆ ಮಗ್ಗ ಕೂರಿಸುವುದು. ಗೋಡೆ ತನ್ನ ಉದ್ದದ ದಿಕ್ಕಿನಲ್ಲಿ ಗಟ್ಟಿ, ಅಡ್ಡಕ್ಕೆ ಸಡಿಲ.

ಒಂದೇ ಕೋಣೆಯ ಎರಡು ಮಗ್ಗಗಳ ವೇಗ ತುಸು ಬೇರೆಯಾದರೆ, ಒಂದು 120, ಇನ್ನೊಂದು ಬೆಲ್ಟಿನ ಬಿಗಿಯಿಂದ 123 ಎನ್ನೋಣ, ಹೊಡೆತಗಳು 20 ಸೆಕೆಂಡಿಗೊಮ್ಮೆ ಕೂಡಿ ಬಂದು ಮತ್ತೆ ಬೇರೆಯಾಗುತ್ತವೆ. ಇದು ವಿಸ್ಪಂದ. ನಡುಕ ಏರಿ ಇಳಿಯುವುದನ್ನು ಕಂಡು ಯಂತ್ರದಲ್ಲಿ ಏನೋ ಸಡಿಲವಾಗಿದೆ ಎಂದು ನಟ್ಟುಗಳನ್ನು ಹುಡುಕುವ ಅಗತ್ಯವಿಲ್ಲ.

ಹಾಗಾದರೆ ಪ್ಯಾಡಿಗೆ ಅವಮಂದನ ಹೆಚ್ಚಿದಷ್ಟೂ ಒಳ್ಳೆಯದೇ? ಅಲ್ಲ. ಮೇಲಿನ 4 ಮಿ.ಮೀ. ಪ್ಯಾಡಿನಲ್ಲಿ ಅವಮಂದನವನ್ನು ಶೇ. 5ರಿಂದ 30ಕ್ಕೆ ಏರಿಸಿದರೆ 24 ಹರ್ಟ್ಜ್‌ನಲ್ಲಿ ದಾಟುವ ಬಲ ಶೇ. 13ರಿಂದ 25ಕ್ಕೆ ಏರುತ್ತದೆ. ಶಕ್ತಿಯನ್ನು ನುಂಗುವ ತಡೆಯೇ ಬಲಕ್ಕೆ ಇನ್ನೊಂದು ದಾರಿಯಾಗುತ್ತದೆ. ಅವಮಂದನ ಬೇಕಾಗುವುದು ಅನುರಣನವನ್ನು ದಾಟುವ ಗಳಿಗೆಗೆ ಮಾತ್ರ. ಹಗಲಿಡೀ ಓಡುವ ಮೋಟಾರಿಗೆ ಆ ಗಳಿಗೆ ಬರುವುದು ಹೊರಡುವಾಗ ಮತ್ತು ನಿಲ್ಲುವಾಗ. ಹೊರಡುವಾಗ ಪ್ಯಾಡಿನ ಸುಮಾರು 8 ಹರ್ಟ್ಜ್ ಕ್ಷಣದಲ್ಲಿ ದಾಟಿಹೋಗುತ್ತದೆ. ಕರೆಂಟು ಹೋದಾಗ ಮೋಟಾರು ಮೆಲ್ಲಗೆ ಇಳಿಯುತ್ತ ಅದೇ 8 ಹರ್ಟ್ಜ್ ಮೂಲಕ ಹಾಯುತ್ತದೆ. ಸದ್ದೆಲ್ಲ ಅಡಗುತ್ತಿರುವಾಗ ಮಗ್ಗ ಒಮ್ಮೆ ಮೈ ಕೊಡವಿದಂತೆ ಅದುರಿ, ಆಮೇಲೆ ನಿಲ್ಲುತ್ತದೆ.