ಕಾಕಾನ ವಹಿಯ ಖಾಲಿ ಸಾಲುಗಳು: ಬಿನಾಕಾ ಗೀತಮಾಲಾ ಮತ್ತು ನಮ್ಮ ಬುಧವಾರಗಳು

ಈ ಸಂಚಿಕೆಯನ್ನ ಖಾನಾಪುರದ ಒಂದು ಮನೆಯ ಪಡಸಾಲೆಯಿಂದ ಶುರು ಮಾಡ್ತೀನಿ. ನಮ್ಮ ಕಾಕಾನ ಮನೆ. ಕಾಕಾಗೆ ಈಗ ಎಪ್ಪತ್ತು ದಾಟಿದೆ. ಬುಧವಾರ ರಾತ್ರಿ ಎಂಟಕ್ಕೆ ಊಟ ಮುಗಿಸಿ, ಮೊಮ್ಮಗಳ ಫೋನನ್ನ ಸ್ಟೀಲ್ ಲೋಟದಲ್ಲಿ ನಿಲ್ಲಿಸಿ ಕೂಡ್ತಾರೆ. ಲೋಟದಲ್ಲಿಟ್ಟರೆ ದನಿ ಗಟ್ಟಿಯಾಗಿ ಬರ್ತದಂತೆ. ಪಕ್ಕದ ಮನೆಯ ಮರಾಠಿ ಮಾತಾಡುವ ಮಾಮಾ ಬಂದು ಕುರ್ಚಿ ಎಳೆದುಕೊಳ್ತಾರೆ. ಆಮೇಲೆ ಬಿನಾಕಾ ಗೀತಮಾಲಾದ ಹಳೆಯ ಕಂತೊಂದು ಶುರುವಾಗ್ತದೆ. ಅಮೀನ್ ಸಯಾನಿ ದನಿ ಬಂದ ಕೂಡಲೇ ಮನೆ ಮಂದಿ ಮಾತು ನಿಲ್ಲಿಸಬೇಕು.

ಕಾಕಾನ ತೊಡೆಯ ಮೇಲೆ ಒಂದು ಹಳೆಯ ವಹಿ ಇರ್ತದೆ. ಅದರ ಕತೆಗೆ ಆಮೇಲೆ ಬರ್ತೀನಿ. ಮೊದಲು ಇತಿಹಾಸ.

1952ರಲ್ಲಿ ಬಿ.ವಿ. ಕೇಸ್ಕರ್ ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವರಾದರು. ಸಿನಿಮಾ ಹಾಡು ಜನರ ಅಭಿರುಚಿ ಕೆಡಿಸ್ತದೆ, ರೇಡಿಯೋದಲ್ಲಿ ಶಾಸ್ತ್ರೀಯ ಸಂಗೀತ ಇರಬೇಕು ಅನ್ನೋದು ಅವರ ನಿಲುವು. ಆಕಾಶವಾಣಿಯಲ್ಲಿ ಚಿತ್ರಗೀತೆಗಳು ಕಡಿಮೆಯಾಗ್ತಾ ಬಂದು, ಹೆಚ್ಚುಕಡಿಮೆ ಇಲ್ಲವೇ ಇಲ್ಲ ಅನ್ನೋ ಸ್ಥಿತಿ ಬಂತು. ಆಕಾಶವಾಣಿಯ ಬಾಗಿಲು ಮುಚ್ಚಿದ್ದು ಸಿನಿಮಾ ಹಾಡಿಗೆ ಮಾತ್ರ ಅಲ್ಲ. 1940ರಿಂದ 1971ರವರೆಗೆ ಅಲ್ಲಿ ಹಾರ್ಮೋನಿಯಂಗೂ ನಿಷೇಧವಿತ್ತು. ಬೆಳಗಾವಿಯಲ್ಲೇ ಇದ್ದು ತಲೆಮಾರುಗಳಿಗೆ ಕಲಿಸಿದ ಪಂಡಿತ್ ರಾಮಭಾವು ಬಿಜಾಪುರೆಯವರಂಥ ಹಾರ್ಮೋನಿಯಂ ವಾದಕರು ಇದ್ದ ಕಾಲ ಅದು. ಅವರ ಊರಿನ ಜನ ಅವರ ಪೆಟ್ಟಿಗೆಯನ್ನ ಕಛೇರಿಯಲ್ಲಿ ಕೇಳಬಹುದಿತ್ತು, ದೇಶದ ರೇಡಿಯೋದಲ್ಲಿ ಕೇಳುವಂತಿರಲಿಲ್ಲ. ಯಾವುದು ಸಂಗೀತ, ಯಾವುದು ಅಲ್ಲ ಅನ್ನೋದು ದಿಲ್ಲಿಯಲ್ಲಿ ತೀರ್ಮಾನವಾಗ್ತಿತ್ತು.

ಆಗ ಸಿಂಹಳ ದ್ವೀಪದಲ್ಲಿ ಒಂದು ಬಾಗಿಲು ತೆರೆದಿತ್ತು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಸೈನಿಕರಿಗಾಗಿ ಅಲ್ಲಿ ಸ್ಥಾಪಿಸಿದ್ದ ಬಲವಾದ ಟ್ರಾನ್ಸ್‌ಮಿಟರ್ ಯುದ್ಧ ಮುಗಿದ ಮೇಲೆ ರೇಡಿಯೋ ಸಿಲೋನ್ ಪಾಲಿಗೆ ಬಂತು. ಅವರಿಗೆ ಜಾಹೀರಾತು ಬೇಕಿತ್ತು, ನಮ್ಮವರಿಗೆ ಹಾಡು ಬೇಕಿತ್ತು. 1952ರ ಡಿಸೆಂಬರ್ 3, ಬುಧವಾರ, ಹಲ್ಲುಜ್ಜುವ ಪೇಸ್ಟಿನ ಹೆಸರು ಹೊತ್ತ ಬಿನಾಕಾ ಗೀತಮಾಲಾ ಶುರುವಾಯ್ತು. ನಿರೂಪಕ ಅಮೀನ್ ಸಯಾನಿಗೆ ಆಗ ಇಪ್ಪತ್ತು ವರ್ಷವೂ ತುಂಬಿರಲಿಲ್ಲ.

ಇಲ್ಲಿ ಒಂದು ತಮಾಷೆ ಗಮನಿಸಿ. ಸಯಾನಿ ಕೂತು ಮಾತಾಡ್ತಿದ್ದದ್ದು ಮುಂಬೈಯಲ್ಲಿ. ಅಲ್ಲಿ ರೆಕಾರ್ಡ್ ಆದ ಟೇಪು ವಿಮಾನದಲ್ಲಿ ಸುಮಾರು 1,500 ಕಿಲೋಮೀಟರ್ ದೂರದ ಕೊಲಂಬೊಗೆ ಹೋಗ್ತಿತ್ತು. ಅಲ್ಲಿಂದ ಶಾರ್ಟ್‌ವೇವ್‌ನಲ್ಲಿ ಸಮುದ್ರ ದಾಟಿ ನಮ್ಮ ಕಡೆ ಬರ್ತಿತ್ತು. ಬೆಳಗಾವಿ, ಖಾನಾಪುರ ಆಗ ಮುಂಬೈ ರಾಜ್ಯದಲ್ಲೇ ಇದ್ದವು. ಅಂದರೆ ನಮ್ಮದೇ ರಾಜಧಾನಿಯ ದನಿ ನಮ್ಮ ಮನೆಗೆ ಬರೋದಕ್ಕೆ ಪರದೇಶ ಸುತ್ತಿ ಬರಬೇಕಿತ್ತು.

ಶುರುವಿನಲ್ಲಿ ಅದು ಅರ್ಧ ಗಂಟೆಯ, ಏಳು ಹಾಡಿನ ಸ್ಪರ್ಧೆ. ಮೊದಲ ಕಂತಿಗೆ 9,000 ಪತ್ರ ಬಂದವು, ವಾರಕ್ಕೆ 65,000ದವರೆಗೂ ಏರಿತು ಅಂತ ಸಯಾನಿಯವರೇ ಮುಂದೆ ಹೇಳಿಕೊಂಡಿದ್ದಾರೆ. ಎರಡು ವರ್ಷ ಕಳೆಯೋದರೊಳಗೆ ಅದು ಜನಪ್ರಿಯತೆಯ ಲೆಕ್ಕದ ಪಟ್ಟಿಯಾಯ್ತು. ಕೆಳಗಿನಿಂದ ಮೇಲಕ್ಕೆ ಒಂದೊಂದೇ ಮೆಟ್ಟಿಲು. ಮೆಟ್ಟಿಲಿಗೆ ಅವರು ಹಿಂದಿಯಲ್ಲಿ ಪಾಯ್ದಾನ್ ಅಂತಿದ್ದರು. ಮುಂದೆ ಒಂದು ಗಂಟೆಯಲ್ಲಿ ಹದಿನಾರು ಪಾಯ್ದಾನ್. ಅಂಗಡಿಗಳಲ್ಲಿ ಎಷ್ಟು ರೆಕಾರ್ಡ್ ಮಾರಾಟವಾದವು, ಊರೂರಿನ ಶ್ರೋತೃ ಸಂಘಗಳು ಏನು ಬರೆದವು ಅನ್ನೋದರ ಮೇಲೆ ಹಾಡು ಹತ್ತಬೇಕು, ಇಳಿಯಬೇಕು. ಈ ಲೆಕ್ಕದಲ್ಲಿ ಪೂರ್ತಿ ನ್ಯಾಯ ಇತ್ತು ಅಂತ ನಾನು ಹೇಳೋದಿಲ್ಲ. ರೆಕಾರ್ಡ್ ಕೊಳ್ಳೋದಕ್ಕೆ ರೊಕ್ಕ ಬೇಕು. ಆದರೂ ಹಳ್ಳಿಯೊಬ್ಬನ ಪೋಸ್ಟ್ ಕಾರ್ಡಿಗೂ ಅದರಲ್ಲಿ ಜಾಗ ಇತ್ತು.

ದಿಲ್ಲಿಗೂ ಬಿಸಿ ಮುಟ್ಟಿತು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿತು, ಸಿನಿಮಾ ಹಾಡು ಸರ್ಕಾರಿ ರೇಡಿಯೋಗೆ ಮರಳಿತು. ಅದಕ್ಕೆ ಒಂದು ವರ್ಷ ಮೊದಲು, 1956ರ ನವೆಂಬರ್ 1ರಂದು, ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತ್ತು. ಗಡಿಯ ಜಗಳ ನಿಮಗೆ ಗೊತ್ತೇ ಇದೆ. ನಾನು ಚಿಕ್ಕವನಿದ್ದಾಗ ಕಾಕಾ ಮತ್ತು ಆ ಮಾಮಾ ಬೋರ್ಡಿನ ಮೇಲಿನ ಅಕ್ಷರದ ವಿಚಾರಕ್ಕೆ ಎರಡು ತಿಂಗಳು ಮಾತು ಬಿಟ್ಟಿದ್ದರು. ಆ ಎರಡು ತಿಂಗಳಲ್ಲೂ ಬುಧವಾರ ಮಾತ್ರ ಮಾಮಾ ಬಂದು ಪಡಸಾಲೆಯಲ್ಲಿ ಕೂಡ್ತಿದ್ದರು. ಮಾತಿಲ್ಲ, ಚಹಾ ಉಂಟು. ರೇಡಿಯೋ ಇದ್ದದ್ದು ಕಾಕಾನ ಮನೆಯಲ್ಲಿ, ಏನು ಮಾಡೋದು!

ಆ ಟ್ರಾನ್ಸಿಸ್ಟರ್ ಕೇಳೋದು ಸುಲಭದ ಕೆಲಸ ಆಗಿರಲಿಲ್ಲ. ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ಕಟ್ಟಬೇಕು. ಸೆಲ್ಲು ಸೋತರೆ ಬಿಸಿಲಿಗಿಟ್ಟು ಇನ್ನೊಂದು ವಾರ ಓಡಿಸಬೇಕು. ಹಲಸಿನ ಮರಕ್ಕೆ ತಂತಿ ಕಟ್ಟಿ ಏರಿಯಲ್ ಮಾಡಬೇಕು. ಶಾರ್ಟ್‌ವೇವ್ ಅಲೆಗಳು ಮೇಲೇರಿ, ವಾತಾವರಣದ ಮೇಲ್ಪದರಕ್ಕೆ ಬಡಿದು, ಕೆಳಗಿಳಿದು ಬರ್ತವೆ. ಆ ಪದರ ಸ್ಥಿರವಾಗಿರೋದಿಲ್ಲ. ಅದಕ್ಕೇ ದನಿ ತೆರೆಯ ಹಾಗೆ ಉಬ್ಬಿ ಬಂದು ಮತ್ತೆ ಇಳಿದು ಹೋಗ್ತಿತ್ತು. ಮೇ ತಿಂಗಳಲ್ಲಿ ನಮ್ಮ ಕಾಡಿನ ಮೇಲೆ ಗುಡುಗು-ಮಿಂಚು ಶುರುವಾದರೆ ಮುಗೀತು, ಪ್ರತಿ ಮಿಂಚಿಗೂ ಚರ್ ಅನ್ನೋ ಸದ್ದು.

ಈಗ ವಹಿಯ ಕತೆ. ಹೈಸ್ಕೂಲಿನಲ್ಲಿದ್ದಾಗಿನಿಂದ ಕಾಕಾ ಪ್ರತಿ ಬುಧವಾರ ಹದಿನಾರು ಸಾಲು ಗೀಚಿ, ಹಾಡು ಬಂದ ಹಾಗೆ ಬರೆದುಕೊಳ್ತಿದ್ದರು. ಪಾಯ್ದಾನ್, ಹಾಡು, ಸಿನಿಮಾ. ಬೆಳಗಾವಿಗೆ ಹೋದಾಗ ಖಡೇ ಬಜಾರಿನಲ್ಲಿ ಹೊಸ ವಹಿ ಕೊಳ್ತಿದ್ದರು. ಅಲೆ ಇಳಿದಾಗ, ಸಿಡಿಲು ಹೊಡೆದಾಗ ಸಾಲು ಖಾಲಿ. ಪಕ್ಕದಲ್ಲಿ ಸಣ್ಣಗೆ 'ಮಿಂಚು' ಅಂತ ಬರೆದಿದ್ದಾರೆ. ಒಂದು ಮೇ ತಿಂಗಳ ಪುಟದಲ್ಲಿ ಹದಿನಾರರಲ್ಲಿ ಒಂಬತ್ತು ಸಾಲು ಖಾಲಿ, ಮೊದಲ ಸ್ಥಾನದ ಹಾಡೂ ಸೇರಿ.

ಮುಂದಿನದು ನಿಮಗೆ ಗೊತ್ತಿರೋದೇ. ಹೆಸರು ಸಿಬಾಕಾ ಗೀತಮಾಲಾ ಆಯ್ತು. 1989ರಲ್ಲಿ ಕಾರ್ಯಕ್ರಮ ವಿವಿಧ ಭಾರತಿಗೆ ಬಂತು. ಟಿವಿ ಬಂತು, ಕ್ಯಾಸೆಟ್ಟು ಬಂತು, ಕೇಳೋರು ಚದುರಿದರು. ಈಗ ಕೇಳೋದಕ್ಕೆ ಸಿಗೋದರಲ್ಲಿ ಎರಡು ಬಗೆ ಇದೆ. ಒಂದು, ಸಯಾನಿಯವರು ಆಮೇಲೆ ಹೊಸದಾಗಿ ನಿರೂಪಿಸಿದ ನೆನಪಿನ ಸಂಗ್ರಹ. 2017ರಲ್ಲಿ ಬಂದ ಕಾರವಾನ್ ಪೆಟ್ಟಿಗೆಯಲ್ಲೂ ಗೀತಮಾಲಾ ಇದೆ. ಎರಡು, ಆ ಕಾಲದ ಕೇಳುಗರು ಮನೆಯಲ್ಲೇ ಟೇಪಿಗೆ ಹಿಡಿದಿಟ್ಟು ಈಗ ಅಂತರ್ಜಾಲಕ್ಕೆ ಏರಿಸಿರುವ ಕಂತುಗಳು.

ಮೊದಲನೆಯದು ಸ್ವಚ್ಛ. ಕಾಕಾಗೆ ಬೇಕಾದದ್ದು ಎರಡನೆಯದು. ಅದರಲ್ಲಿ ಸರಸರ ಸದ್ದಿದೆ, ದನಿಯ ಏರಿಳಿತ ಇದೆ, ಯಾವುದೋ ಊರಿನ ಯಾರದೋ ಮನೆಯ ಕೆಮ್ಮೂ ಇದೆ. ಎಲ್ಲಕ್ಕಿಂತ ಹೆಚ್ಚಾಗಿ, ಆ ವಾರದ ನಿಜವಾದ ಪಟ್ಟಿ ಇದೆ. ತನ್ನ ವಹಿಯ ತಾರೀಖಿನ ಕಂತು ಸಿಕ್ಕರೆ ಕಾಕಾ ಪೆನ್ಸಿಲ್ ಹಿಡಿದು ಕೂತು ಖಾಲಿ ಸಾಲು ತುಂಬ್ತಾರೆ. ಇಲ್ಲೀತನಕ ಹನ್ನೊಂದು ಸಾಲು ತುಂಬಿವೆ. ಆ ಮೇ ತಿಂಗಳ ಪುಟದ ಕಂತು ಮಾತ್ರ ಸಿಕ್ಕಿಲ್ಲ.

ನಾನು ಒಂದು ಸಲ ಜಾಣತನ ಮಾಡಿದೆ. "ಕಾಕಾ, ವಾರವಾರದ ಪಟ್ಟಿ ಅಭಿಮಾನಿಗಳು ಬರೆದು ಹಾಕ್ಯಾರ. ನೋಡಿ ತುಂಬಿಸಿಬಿಡೋಣೇನು?" ಅಂದೆ.

ಕಾಕಾ ಕನ್ನಡಕ ತೆಗೆದು ನನ್ನ ಕಡೆ ನೋಡಿದರು. "ಬ್ಯಾಡ ತಮ್ಮಾ. ಕೇಳಿದ್ದಷ್ಟ ಬರಿಯೋದು. ಕೇಳಲಾರದ್ದು ಬರದ್ರ ಅದು ನನ್ನ ವಹಿ ಆಗಂಗಿಲ್ಲ."

ಮಾಮಾ ನಕ್ಕು, ತನ್ನ ಮರಾಠಿ ಬೆರೆತ ಕನ್ನಡದಲ್ಲಿ, "ಒಂದನೇ ನಂಬರ್ ಯಾವ್ದಿತ್ತು ನನಗ ನೆನಪೈತಿ, ಹೇಳಲೇನು?" ಅಂದರು. ಕಾಕಾ ಕಿವಿ ಮುಚ್ಚಿಕೊಂಡರು.

ಇತಿಹಾಸ ಹೇಳುವ ನನಗೆ ಅವತ್ತು ಸ್ವಲ್ಪ ನಾಚಿಕೆಯಾಯ್ತು, ಸುಳ್ಳೇಕೆ ಹೇಳಲಿ. ಈ ಮರುಪ್ರಸಾರಗಳನ್ನ ನಾನು ಹಳಹಳಿಕೆ ಅಂತ ತಿಳಿದಿದ್ದೆ. ಆದರೆ ಸರ್ಕಾರ ಬೇಡ ಅಂದದ್ದನ್ನ ಜನ ಕೇಳಿದರು, ಸರದಿ ಹಚ್ಚಿದರು, ಬರೆದಿಟ್ಟರು, ಟೇಪಿಗೆ ಹಿಡಿದಿಟ್ಟರು. ಆ ಕಾಲದ ಗೀತಮಾಲಾ ನಮಗೆ ಇಷ್ಟಾದರೂ ಉಳಿದಿರೋದು ಬಹುಪಾಲು ಅಂಥವರ ಕೈಯಿಂದ.

ಅಮೀನ್ ಸಯಾನಿ 2024ರ ಫೆಬ್ರುವರಿ 20ರಂದು, 91ನೇ ವಯಸ್ಸಿನಲ್ಲಿ ತೀರಿಕೊಂಡರು. ಮರುದಿನ ಬುಧವಾರ. ಕಾಕಾ ಎಂದಿನಂತೆ ಎಂಟಕ್ಕೆ ಫೋನನ್ನ ಲೋಟದಲ್ಲಿ ನಿಲ್ಲಿಸಿದರು.

ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಕ್ಯಾಸೆಟ್ಟುಗಳಿದ್ದರೆ ಎಸೆಯೋದಕ್ಕೆ ಮೊದಲು ಒಂದು ಸಲ ಹಾಕಿ ಕೇಳಿ. ಮೇ ತಿಂಗಳ ಒಂದು ಬುಧವಾರ ಅದರಲ್ಲಿದ್ದರೂ ಇರಬಹುದು. ಖಾನಾಪುರದಲ್ಲಿ ಒಬ್ಬರು ಪೆನ್ಸಿಲ್ ಹಿಡಿದು ಕಾಯ್ತಿದ್ದಾರೆ. ಮುಂದಿನ ವಾರ ಮತ್ತೆ ಸಿಗೋಣ, ನಮಸ್ಕಾರ.